ಕಡತ ಸಿಗದಾಗ ಜಾವಾ ಕೊಡುವ ಉತ್ತರ

ಹೊಸಪೇಟೆ ತಾಲ್ಲೂಕಿನ ಪಾಪಿನಾಯಕನಹಳ್ಳಿಗೆ ಹೊಸಬನೊಬ್ಬನು ಬಂದು ‘ಬಲಗಡೆಯ ಮೂರನೆಯ ಮನೆ ಯಾರದು?’ ಎಂದರೆ, ಅವನು ನಿಂತಿರುವ ಜಾಗ ತಿಳಿಯದೆ ಉತ್ತರ ಹೇಳಲಾಗದು. ಊರು, ತಾಲ್ಲೂಕು, ಜಿಲ್ಲೆಗಳನ್ನು ಬರೆದ ಕಾಗದವಾದರೋ ಎಲ್ಲಿಂದ ಹಾಕಿದರೂ ಬಂದು ಸೇರುತ್ತದೆ. ಗಣಕಯಂತ್ರದೊಳಗೂ ವಿಳಾಸಗಳು ಹೀಗೆ ಎರಡು ಬಗೆ. ಈ ಭೇದವನ್ನು ಮರೆತಾಗ ಜಾವಾ ಭಾಷೆಯಲ್ಲಿ ಒದಗುವ ತೊಡಕೊಂದನ್ನು ಈಗ ವಿಚಾರಿಸೋಣ.

ತಾಲ್ಲೂಕಿನ ಊರುಗಳನ್ನು ತೋರಿಸುವ ಪ್ರೋಗ್ರಾಮೊಂದನ್ನು ಬರೆಯುತ್ತಿದ್ದೇವೆಂದು ಭಾವಿಸೋಣ. ಊರುಗಳ ಪಟ್ಟಿ ಬೇರೊಂದು ಕಡತದಲ್ಲಿದೆ. ಅದನ್ನು ತರಲು ‘ಗೆಟ್‌ರಿಸೋರ್ಸ್‌ಆಸ್‌ಸ್ಟ್ರೀಮ್’ ಎಂಬ ವಿಧಾನವನ್ನು ಕರೆಯುತ್ತೇವೆ. ಕಡತ ಸಿಗದಿದ್ದರೆ ಅದು ದೂರು ಹೇಳುವುದಿಲ್ಲ. ‘ನಲ್’, ಎಂದರೆ ‘ಏನೂ ಇಲ್ಲ’ ಎಂಬುದನ್ನು, ಸದ್ದಿಲ್ಲದೆ ಹಿಂದಿರುಗಿಸುತ್ತದೆ. ಮುಂದಿನ ಸಾಲು ಆ ಇಲ್ಲದ ವಸ್ತುವನ್ನು ಓದಹೊರಟಾಗ ‘ನಲ್ ಪಾಯಿಂಟರ್ ಎಕ್ಸೆಪ್ಶನ್’ ತಲೆದೋರಿ ಕೆಲಸ ನಿಲ್ಲುತ್ತದೆ. ದೋಷ ಕಾಣಿಸಿದ್ದು ಓದುವಲ್ಲಿ, ಹುಟ್ಟಿದ್ದು ಹುಡುಕುವಲ್ಲಿ. ಆದುದರಿಂದ ಓದುವ ಸಾಲನ್ನು ಎಷ್ಟು ತಿದ್ದಿದರೂ ಫಲವಿಲ್ಲ. 1965ರಲ್ಲಿ ಆಲ್ಗಾಲ್ ಡಬ್ಲ್ಯು ಭಾಷೆಗೆ ಈ ನಲ್ಲನ್ನು ಸೇರಿಸಿದ ಬ್ರಿಟನ್ನಿನ ಟೋನಿ ಹೋರ್ ಅವರೇ 2009ರಲ್ಲಿ ಅದನ್ನು ನೂರು ಕೋಟಿ ಡಾಲರಿನ ತಪ್ಪೆಂದು ಕರೆದರು.

ಹಾಗಾದರೆ ಹುಡುಕಾಟ ಏಕೆ ವಿಫಲವಾಗುತ್ತದೆ? ಮುಖ್ಯವಾದ ಕಾರಣಗಳು ಮೂರು.

ಮೊದಲನೆಯದು ಓರೆಗೆರೆ. ಕ್ಲಾಸಿನ ಮೂಲಕ ಕೇಳುವಾಗ ಹೆಸರಿನ ಮೊದಲಲ್ಲಿ ಓರೆಗೆರೆಯಿಲ್ಲದಿದ್ದರೆ, ಆ ಕ್ಲಾಸು ಇರುವ ಪ್ಯಾಕೇಜಿನಲ್ಲಿಯೇ ಹುಡುಕಾಟ ನಡೆಯುತ್ತದೆ. ಇದ್ದರೆ, ಜಾವಾ ಹುಡುಕುವ ಜಾಗಗಳ ಪಟ್ಟಿಯಾದ ಕ್ಲಾಸ್‌ಪಾತ್‌ನ ಬುಡದಿಂದ. ಕ್ಲಾಸ್‌ಲೋಡರನ್ನೇ ಕೇಳುವಾಗ ಹುಡುಕಾಟ ಯಾವಾಗಲೂ ಬುಡದಿಂದಲೇ; ಅಲ್ಲಿ ಮೊದಲ ಓರೆಗೆರೆ ಸಲ್ಲದು.

ಎರಡನೆಯದು ಅಕ್ಷರಭೇದ. ಇಂಗ್ಲಿಷಿನ ದೊಡ್ಡ ಮತ್ತು ಚಿಕ್ಕ ಅಕ್ಷರಗಳ ವ್ಯತ್ಯಾಸವನ್ನು ವಿಂಡೋಸ್ ಸಾಮಾನ್ಯವಾಗಿ ಗಣಿಸದು. ಆದರೆ ಜಾವಾದ ‘ಜಾರ್’ ಕಟ್ಟಿನೊಳಗೆ ಅವು ಬೇರೆ ಬೇರೆ ಹೆಸರುಗಳೇ. ಬರೆದವನ ಮೇಜಿನ ಮೇಲೆ ನಡೆದ ಪ್ರೋಗ್ರಾಂ, ಬಳಸುವವರ ಕೈಸೇರಿದ ಮೇಲೆ ಕೆಡುವುದು ಹೀಗೆ.

ಮೂರನೆಯದು, ಕಡತವು ಕಟ್ಟಿನೊಳಗೆ ಸೇರದೇ ಇರುವುದು. ಮೇವನ್ ಸಲಕರಣೆಯನ್ನು ಬಳಸುವವರು ಇಂಥ ಕಡತಗಳನ್ನು ‘ರಿಸೋರ್ಸಸ್’ ಫೋಲ್ಡರಿನಲ್ಲಿಡುವುದು ರೂಢಿ. ಕ್ಲಾಸುಗಳ ಮೂಲ ಬರಹದ ಪಕ್ಕದಲ್ಲಿಟ್ಟರೆ ಅವು ತಾವಾಗಿ ಕಟ್ಟಿನೊಳಗೆ ಬರುವುದಿಲ್ಲ. ಜಾರ್ ಕಟ್ಟನ್ನು ಬಿಚ್ಚಿ ನೋಡಿದರೆ ಸಂದೇಹ ಪರಿಹಾರವಾಗುತ್ತದೆ.

2020ರ ಜಾವಾ 14ರಿಂದೀಚೆಗೆ ಯಾವುದು ನಲ್ ಆಗಿತ್ತೆಂಬುದನ್ನು ದೋಷಸಂದೇಶವೇ ತಿಳಿಸಬಲ್ಲದು. ಕಡತ ಏಕೆ ಸಿಗಲಿಲ್ಲವೆಂಬುದನ್ನು ತಿಳಿಸಲಾರದು. ಆದಕಾರಣ ಕಡತ ತರಿಸಿದ ಸಾಲಿನ ಬೆನ್ನಲ್ಲೇ, ಬಂದದ್ದು ನಲ್ಲೇ ಎಂದು ಪರೀಕ್ಷಿಸಿ, ಹೌದಾದರೆ ಹುಡುಕಿದ ಹೆಸರನ್ನು ಪೂರ್ಣವಾಗಿ ತೋರಿಸಿ ನಿಲ್ಲುವಂತೆ ಬರೆಯಬೇಕು. ಆ ಹೆಸರನ್ನು ಕಂಡೊಡನೆ ಮೇಲಿನ ಮೂರರಲ್ಲಿ ಯಾವುದು ಕಾರಣವೆಂಬುದು ಸಾಮಾನ್ಯವಾಗಿ ಹೊಳೆಯುತ್ತದೆ.