ಇಂಗ್ಲಿಷ್ ವ್ಯಾಕರಣ: ಮೋಡಲ್ ಕ್ರಿಯಾಪದಗಳು

ಸಾಮರ್ಥ್ಯ, ಅನುಮತಿ, ಸಾಧ್ಯತೆ, ಕರ್ತವ್ಯ ಮುಂತಾದ ಭಾವಗಳನ್ನು ಸೂಚಿಸುವ ಸಹಾಯಕ ಕ್ರಿಯಾಪದಗಳಿವು. ಮುಖ್ಯವಾದವು 9: ಕ್ಯಾನ್, ಕುಡ್, ಮೇ, ಮೈಟ್, ಶಲ್, ಶುಡ್, ವಿಲ್, ವುಡ್, ಮಸ್ಟ್.

ನಿಯಮ: ಇವುಗಳ ನಂತರ ಕ್ರಿಯಾಪದದ ಮೂಲರೂಪವೇ ಬರಬೇಕು. 'ಶಿ ಕ್ಯಾನ್ ಸಿಂಗ್' ಸರಿ. 'ಶಿ ಕ್ಯಾನ್ ಸಿಂಗ್ಸ್', 'ಶಿ ಕ್ಯಾನ್ ಟು ಸಿಂಗ್' ತಪ್ಪು.

ಬಳಕೆ:
• ಕ್ಯಾನ್ – ಸಾಮರ್ಥ್ಯ. ಕುಡ್ – ಹಿಂದಿನ ಸಾಮರ್ಥ್ಯ, ವಿನಯದ ಕೋರಿಕೆ
• ಮೇ – ಅನುಮತಿ, ಸಾಧ್ಯತೆ. ಮೈಟ್ – ಕ್ಷೀಣ ಸಾಧ್ಯತೆ
• ವಿಲ್ – ಭವಿಷ್ಯ, ನಿರ್ಧಾರ. ವುಡ್ – ಹಿಂದಿನ ರೂಢಿ
• ಶುಡ್ – ಸಲಹೆ. ಮಸ್ಟ್ – ಕಡ್ಡಾಯ, ಖಚಿತ ಊಹೆ

ಗಮನಿಸಿ: 'ಮಸ್ಟ್ ನಾಟ್' ಎಂದರೆ ಮಾಡಲೇಬಾರದು; 'ನೀಡ್ ನಾಟ್' ಎಂದರೆ ಮಾಡಬೇಕಾಗಿಲ್ಲ. ಪರೀಕ್ಷೆಯ ಪ್ರಶ್ನೆಯ ಆಯ್ಕೆಗಳಲ್ಲಿ ಇವೆರಡೂ ಇದ್ದರೆ, ವಾಕ್ಯ ಹೇಳುತ್ತಿರುವುದು ನಿಷೇಧವೋ ವಿನಾಯಿತಿಯೋ ಎಂದು ನೋಡಿ ಉತ್ತರಿಸಿ.