ಬದನೆಯ ವಿವಾದ

ಬದನೆಗೆ ಕಾಯಿಕೊರಕ ಹುಳುವೇ ಪ್ರಬಲ ವೈರಿ. ಅದರ ನಿವಾರಣೆಗಾಗಿ ರೈತರು ಮೇಲಿಂದ ಮೇಲೆ ಕೀಟನಾಶಕವನ್ನು ಸಿಂಪಡಿಸುವರು. ಆದುದರಿಂದ ವಿಜ್ಞಾನಿಗಳು ಮಣ್ಣಿನ ಬ್ಯಾಕ್ಟೀರಿಯವೊಂದರ ಜೀನನ್ನು ಗಿಡದಲ್ಲಿ ಸೇರಿಸಿ ‘ಬಿಟಿ ಬದನೆ’ಯನ್ನು ನಿರ್ಮಿಸಿದರು, ಅದನ್ನು ತಿಂದ ಹುಳು ಸಾಯುತ್ತದೆ.

ಹಾಗಾದರೆ ನಾವು ಅದನ್ನು ಉಣ್ಣಬಹುದೇ? ಆ ಪ್ರೋಟೀನು ಹುಳುವಿನ ಕ್ಷಾರೀಯ ಜಠರದಲ್ಲಿ ವಿಷವಾಗುವುದು, ನಮ್ಮ ಆಮ್ಲೀಯ ಜಠರದಲ್ಲಿ ಜೀರ್ಣವಾಗುವುದು ಎಂದು ಒಂದು ಪಕ್ಷ. ದೀರ್ಘಕಾಲದ ಪರೀಕ್ಷೆ ಸಾಲದು, ಉಡುಪಿಯ ಮಟ್ಟುಗುಳ್ಳದಂಥ ನಾಡತಳಿಗಳು ಬೆರಕೆಯಾದಾವು ಎಂದು ಇನ್ನೊಂದು ಪಕ್ಷ. 2009ರಲ್ಲಿ ತಜ್ಞರ ಸಮಿತಿಯು ಸಮ್ಮತಿಸಿತು. ಆದರೆ ಅಂದಿನ ಪರಿಸರ ಸಚಿವ ಜೈರಾಮ್ ರಮೇಶರು ಬೆಂಗಳೂರು, ಹೈದರಾಬಾದು ಮೊದಲಾದ ಏಳು ನಗರಗಳಲ್ಲಿ ಜನಾಭಿಪ್ರಾಯವನ್ನಾಲಿಸಿ, 2010ರ ಫೆಬ್ರುವರಿ 9ರಂದು ಅದನ್ನು ತಡೆಹಿಡಿದರು.

ತಡೆಯಿಂದಲೇ ನಮ್ಮ ಹೊಣೆ ಮುಗಿಯಲಿಲ್ಲ. ಕೀಟನಾಶಕ ಸಿಂಪಡಿಸಿದ ಬದನೆಯನ್ನು ನಾವಿಂದಿಗೂ ಕೊಂಡು ತರುತ್ತಿದ್ದೇವೆ. ಹೊಸದನ್ನು ಪರೀಕ್ಷಿಸುವಷ್ಟೇ ನಿಷ್ಠುರವಾಗಿ ಹಳೆಯದನ್ನೂ ಪರೀಕ್ಷಿಸುವುದು ವಿವೇಕಿಗಳ ಲಕ್ಷಣವಲ್ಲವೇ?