ಗೆರೆ ದಾಟುವ ಮುನ್ನ

ಉತ್ತರ ಇಟಲಿಯ ಮಿಲಾನ್ ಮಹಾನಗರವನ್ನೂ ಲಿಗೂರಿಯಾ ಕಡಲತೀರದ ಸಾನ್ ರೆಮೋ ಪಟ್ಟಣವನ್ನೂ ಬಹುಕಾಲ ಬೆಸೆದ ಸೈಕಲ್ ಪಂದ್ಯಕ್ಕೆ ಆ ಎರಡು ಊರುಗಳ ಹೆಸರೇ ಹೆಸರಾಗಿದೆ. 1907ರಲ್ಲಿ ಮೊದಲಾದ ಈ ಪಂದ್ಯವು ಒಂದೇ ದಿನದಲ್ಲಿ ಮುಗಿಯುವ ವೃತ್ತಿಪರ ಪಂದ್ಯಗಳ ಪೈಕಿ ಅತ್ಯಂತ ದೀರ್ಘವೆಂದು ಪ್ರಸಿದ್ಧವಾದುದು. ಬೆಳಗ್ಗೆ ಹೊರಟ ಸವಾರರು ಲೊಂಬಾರ್ಡಿಯ ಬಯಲನ್ನು ಹಾದು, ತುರ್ಕೀನೋ ಗಿರಿಮಾರ್ಗವನ್ನು ಏರಿ ಇಳಿದು, ಕಡಲಂಚಿನ ರಸ್ತೆಯನ್ನು ಹಿಡಿದು ಸಾಗುವಷ್ಟರಲ್ಲಿ ಹೊತ್ತು ಪಡುವಣಕ್ಕೆ ವಾಲಿರುತ್ತದೆ. ಕಡೆಯಲ್ಲಿ ಪೋಜೋ ಎಂಬ ಗುಡ್ಡವೊಂದು ಎದುರಾಗುತ್ತದೆ. ಅದರ ನೆತ್ತಿಯಿಂದ ಗುರಿಗೆ ಉಳಿಯುವುದು ಐದೂವರೆ ಕಿಲೋಮೀಟರು ಮಾತ್ರ. ಈ ಗುಡ್ಡವನ್ನು 1960ರಲ್ಲಿ ದಾರಿಗೆ ಸೇರಿಸಿದುದೇ, ಸವಾರರೆಲ್ಲರೂ ಒಂದೇ ಗುಂಪಾಗಿ ಊರನ್ನು ಹೊಕ್ಕು ಕೊನೆಯ ಓಟದಲ್ಲಿ ಗೆಲ್ಲುವುದನ್ನು ತಪ್ಪಿಸಲೆಂದು. ಆದರೂ ಅದು ಎಲ್ಲ ವರ್ಷವೂ ತಪ್ಪಲಿಲ್ಲ.

ನೂರಾರು ಕಿಲೋಮೀಟರು ಜೊತೆಯಾಗಿ ಬಂದವರು ಕಡೆಯ ಇನ್ನೂರು ಮುನ್ನೂರು ಮೀಟರುಗಳಲ್ಲಿ ತಮ್ಮ ಸರ್ವಶಕ್ತಿಯನ್ನೂ ಸುರಿದು ಧಾವಿಸುವುದನ್ನು ‘ಸ್ಪ್ರಿಂಟ್’ ಎನ್ನುತ್ತಾರೆ. ನೋಡುವವರಿಗೆ ಅದು ಬರಿಯ ಬಲದ ಪರೀಕ್ಷೆಯಾಗಿ ತೋರಬಹುದು. ಆದರೆ ಅಲ್ಲಿ ಸವಾರನ ಮೊದಲ ವೈರಿ ಪಕ್ಕದ ಸವಾರನಲ್ಲ, ಗಾಳಿ. ಎದುರುಗಾಳಿಯಲ್ಲಿ ಸೈಕಲ್ ತುಳಿದವರಾರಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ವೇಗವು ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಆ ತಡೆಯನ್ನು ಗೆಲ್ಲಲು ಬೇಕಾದ ಸಾಮರ್ಥ್ಯ ಎಂಟರಷ್ಟಾಗುತ್ತದೆ. ಮುಂದಿನವನ ಹಿಂಬದಿಯ ಚಕ್ರಕ್ಕೆ ಅಂಟಿದಂತೆ ಸಾಗುವವನಿಗೆ ಸುಮಾರು ಮೂರನೆಯ ಒಂದು ಭಾಗದಷ್ಟು ಶ್ರಮ ಉಳಿಯುತ್ತದೆ. ಆದುದರಿಂದ ಬಲಿಷ್ಠ ತಂಡಗಳು ತಮ್ಮ ನಾಯಕನನ್ನು ಸಾಲಿನ ಕೊನೆಯಲ್ಲಿರಿಸಿಕೊಂಡು, ರೈಲಿನ ಬಂಡಿಗಳಂತೆ ಒಬ್ಬರ ಹಿಂದೊಬ್ಬರು ಸಾಗುತ್ತಾರೆ. ಮುಂದಿರುವವನು ದಣಿದು ಪಕ್ಕಕ್ಕೆ ಸರಿಯುತ್ತಾನೆ, ಅವನ ಹಿಂದಿನವನು ಗಾಳಿಗೆ ಎದೆಯೊಡ್ಡುತ್ತಾನೆ. ಎಲ್ಲರೂ ಸರಿದ ಮೇಲೆ ನಾಯಕನ ಸರದಿ. ಆತ ಬೇಗನೆ ಹೊರಬಿದ್ದರೆ ಗುರಿಗೆ ಮುಂಚೆಯೇ ಉಸಿರು ಬತ್ತುತ್ತದೆ, ತಡಮಾಡಿದರೆ ದಾರಿ ಮುಚ್ಚಿಹೋಗುತ್ತದೆ.

2004ನೆಯ ಇಸವಿ ಮಾರ್ಚ್ 20ರಂದು ಸವಾರರು 294 ಕಿಲೋಮೀಟರುಗಳ ಪಯಣಕ್ಕೆ ಮಿಲಾನಿನಿಂದ ಹೊರಟರು. ಇಟಲಿಯ ಜನರ ಭರವಸೆಯೆಲ್ಲ ಅಲೆಸ್ಸಾಂಡ್ರೋ ಪೆಟಾಕಿಯ ಮೇಲಿತ್ತು. ಹಿಂದಿನ ವರ್ಷ ಇಟಲಿ, ಫ್ರಾನ್ಸ್, ಸ್ಪೇನ್ ದೇಶಗಳ ಮೂರು ಮಹಾಪಂದ್ಯಗಳಲ್ಲಿಯೂ ಹಂತಗಳನ್ನು ಗೆದ್ದು ಬಂದಿದ್ದ ವೇಗಿ ಆತ. ಅವನ ತಂಡದ ‘ರೈಲು’ ಎಲ್ಲರಲ್ಲಿಯೂ ಅಂಜಿಕೆಯನ್ನು ಹುಟ್ಟಿಸಿತ್ತು. ಜರ್ಮನಿಯ ಎರಿಕ್ ಜಾಬೆಲ್‌ನಿಗಾದರೋ ಸಾನ್ ರೆಮೋ ತನ್ನ ಮನೆಯಂಗಳವಿದ್ದಂತೆ. 1997, 1998, 2000 ಮತ್ತು 2001ರಲ್ಲಿ ಆತ ಅಲ್ಲಿ ಗೆದ್ದಿದ್ದನು, 1999ರಲ್ಲಿ ಎರಡನೆಯವನಾಗಿದ್ದನು. ಆ ವರ್ಷಗಳಲ್ಲಿ ನಿಷಿದ್ಧ ಔಷಧಗಳನ್ನು ಬಳಸಿದ್ದುದಾಗಿ 2013ರಲ್ಲಿ ಅವನೇ ಒಪ್ಪಿಕೊಂಡನು. ಆ ಗೆಲುವುಗಳ ಮೇಲೆ ಇಂದು ಅದರ ನೆರಳಿದೆ. ಆದರೆ 2004ರಲ್ಲಿ ಆ ಒಪ್ಪಿಗೆ ಇನ್ನೂ ದೂರದ ಮಾತು. ಇನ್ನೊಬ್ಬ ಸ್ಪರ್ಧಿ ಸ್ಪೇನಿನ ಆಸ್ಕರ್ ಫ್ರೇರೆ. ಆತ 1999ರಲ್ಲಿಯೂ 2001ರಲ್ಲಿಯೂ ಜಗತ್ತಿನ ಚಾಂಪಿಯನ್ ಆಗಿದ್ದನು. ತನ್ನದೇ ಆದ ರೈಲಿಲ್ಲದಿದ್ದರೂ ಪರರ ಚಕ್ರಗಳ ಮರೆಯಲ್ಲಿ ಅಡಗಿ ಬಂದು ಕಟ್ಟಕಡೆಯ ಗಳಿಗೆಯಲ್ಲಿ ಕಾಣಿಸಿಕೊಳ್ಳುವುದರಲ್ಲಿ ಅವನು ನಿಪುಣ.

ಏಳು ಗಂಟೆಗಳಿಗೂ ಮೀರಿ ಸೈಕಲ್ ತುಳಿದ ಮೇಲೆ ಅಂದು ಮುಂದಿನ ಗುಂಪು ಒಡೆಯದೆ ಸಾನ್ ರೆಮೋವನ್ನು ಹೊಕ್ಕಿತು. ಪೋಜೋ ಗುಡ್ಡದ ಮೇಲೆ ತಪ್ಪಿಸಿಕೊಳ್ಳಲು ಯತ್ನಿಸಿದವರ ಶ್ರಮ ಫಲಿಸಲಿಲ್ಲ. ವಿಯಾ ರೋಮಾ ಬೀದಿಯಲ್ಲಿ ಪೆಟಾಕಿ ಮುಂದೆ ಧಾವಿಸಿದನು. ಆದರೆ ಅಷ್ಟು ದೂರದ ದಣಿವು ಕಾಲುಗಳಲ್ಲಿ ಸೇರಿಕೊಂಡಾಗ ಹೊಸ ಬಲದ ವೇಗ ಎಲ್ಲಿಂದ ಬರಬೇಕು? ಅವನ ಓಟ ಕುಂದಿತು. ಜಾಬೆಲ್ ಅವನನ್ನು ಹಿಂದಿಕ್ಕಿದನು. ಮುಂದೆ ಯಾರೂ ಇಲ್ಲ, ಗೆರೆ ಕೆಲವೇ ಮೀಟರುಗಳಾಚೆ ಇದೆ. ಐದನೆಯ ಗೆಲುವು ಕಣ್ಣೆದುರಿಗಿತ್ತು. ಜಾಬೆಲ್ ಸೈಕಲಿನ ಹಿಡಿಯನ್ನು ಬಿಟ್ಟು ಎರಡೂ ತೋಳುಗಳನ್ನು ಆಕಾಶಕ್ಕೆತ್ತಿದನು.

ಗೆದ್ದವನು ಹೀಗೆ ತೋಳೆತ್ತುವುದು ಈ ಕ್ರೀಡೆಯ ಹಳೆಯ ವಾಡಿಕೆ. ಅದರಲ್ಲಿ ಸಂತೋಷದ ಜೊತೆಗೆ ಒಂದಿಷ್ಟು ವ್ಯವಹಾರವೂ ಉಂಟು. ಸಂಬಳ ಕೊಡುವ ಸಂಸ್ಥೆಯ ಹೆಸರು ಅಂಗಿಯ ಎದೆಯ ಮೇಲೆ ಬರೆದಿರುತ್ತದೆಯಲ್ಲವೆ? ಆದರೆ ತೋಳೆತ್ತಿದಾಗ ಬಾಗಿದ ಬೆನ್ನು ನೆಟ್ಟಗಾಗುತ್ತದೆ, ಅಷ್ಟುಹೊತ್ತು ಜಾರಿ ಹೋಗುತ್ತಿದ್ದ ಗಾಳಿ ಎದೆಗೆ ಬಡಿಯುತ್ತದೆ, ಕಾಲುಗಳು ಸಡಿಲಗೊಳ್ಳುತ್ತವೆ. ಇದಕ್ಕಿಂತ ದೊಡ್ಡ ನಷ್ಟ ಮತ್ತೊಂದಿದೆ. ಗೆರೆಯ ಬಳಿ ಎಣಿಕೆಗೆ ಬರುವುದು ಸವಾರನ ತಲೆಯೂ ಅಲ್ಲ, ಎದೆಯೂ ಅಲ್ಲ. ಮುಂಚಕ್ರದ ಟಯರಿನ ತುದಿ. ಅದಕ್ಕಾಗಿಯೇ ಪಳಗಿದ ಸವಾರರು ಕೊನೆಯ ಕ್ಷಣದಲ್ಲಿ ಹಿಡಿಯನ್ನು ಎರಡು ಕೈಗಳಿಂದಲೂ ಮುಂದಕ್ಕೆ ತಳ್ಳಿ, ದೇಹವನ್ನು ಹಿಂದಕ್ಕೆಳೆದು, ಸೈಕಲನ್ನು ಗೆರೆಯತ್ತ ಎಸೆಯುವಂತೆ ಮಾಡುತ್ತಾರೆ. ಅದರಿಂದ ಒಂದು ಗೇಣಿನಷ್ಟಾದರೂ ಲಾಭವಾಗುತ್ತದೆ. ಹಿಡಿಯನ್ನೇ ಬಿಟ್ಟವನು ಏನನ್ನು ತಳ್ಳಬಲ್ಲನು?

ಫ್ರೇರೆ ತನ್ನ ಬೆನ್ನನ್ನು ನೆಟ್ಟಗೆ ಮಾಡಿರಲಿಲ್ಲ. ಜಾಬೆಲ್‌ನ ತೋಳುಗಳು ಗಾಳಿಯಲ್ಲಿದ್ದ ಆ ಅರೆಗಳಿಗೆಯಲ್ಲಿ ಅವನು ಪಕ್ಕಕ್ಕೆ ನುಗ್ಗಿ ಬಂದು ಸೈಕಲನ್ನು ಮುಂದಕ್ಕೆಸೆದನು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಸಾಗುವವನು ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಸುಮಾರು 17 ಸೆಂಟಿಮೀಟರು ಮುಂದೆ ಹೋಗುತ್ತಾನೆ. ಅಂದಿನ ಅಂತರ ಅದಕ್ಕಿಂತಲೂ ಕಡಿಮೆ. ಬರಿಗಣ್ಣಿನಿಂದ ನಿರ್ಣಯಿಸಲಾಗದ ಇಂಥ ಸಂದರ್ಭಕ್ಕೆಂದೇ ಗೆರೆಗೆ ನೇರವಾಗಿ ಕ್ಯಾಮೆರಾವೊಂದನ್ನು ನಿಲ್ಲಿಸಿರುತ್ತಾರೆ. ಗೆರೆಯ ಮೇಲಿನ ಕಿರಿದಾದ ಪಟ್ಟಿಯೊಂದನ್ನು ಮಾತ್ರ ಅದು ಸೆಕೆಂಡಿಗೆ ಸಾವಿರಾರು ಸಲ ಚಿತ್ರಿಸುತ್ತದೆ. ಕ್ಯಾಮೆರಾದ ತೀರ್ಪಿನಲ್ಲಿ ಫ್ರೇರೆ ಮೊದಲನೆಯವನು, ಜಾಬೆಲ್ ಎರಡನೆಯವನು. ಆಸ್ಟ್ರೇಲಿಯಾದ ಸ್ಟೂಅರ್ಟ್ ಓ’ಗ್ರೇಡಿ ಮೂರನೆಯವನಾದನು. ಪೆಟಾಕಿಗೆ ದೊರೆತುದು ನಾಲ್ಕನೆಯ ಸ್ಥಾನ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬ ಮಾತನ್ನು ಜನ ಹಲವು ಸಂದರ್ಭಗಳಲ್ಲಿ ಆಡುವುದುಂಟು. ಇಲ್ಲಿ ತುತ್ತನ್ನು ಬಿಟ್ಟದ್ದು ಕೈಯೇ. ಆ ದಿನದ ಛಾಯಾಚಿತ್ರಗಳಲ್ಲಿ ತೋಳೆತ್ತಿ ಸಂಭ್ರಮಿಸುತ್ತಿರುವವನು ಸೋತವನು, ತಲೆತಗ್ಗಿಸಿ ಬಾಗಿರುವವನು ಗೆದ್ದವನು. ವಿಷಯ ತಿಳಿಯದೆ ನೋಡಿದವರು ತಪ್ಪಾಗಿಯೇ ಊಹಿಸುವರು.

ಅದೇ ವರ್ಷದ ಅಕ್ಟೋಬರಿನಲ್ಲಿ ಇಟಲಿಯ ವೆರೋನಾದಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಕೊನೆಯ ಓಟದಲ್ಲಿ ಇವರಿಬ್ಬರೂ ಮತ್ತೆ ಎದುರಾದರು. ಅಲ್ಲಿಯೂ ಫ್ರೇರೆ ಮೊದಲನೆಯವನು, ಜಾಬೆಲ್ ಎರಡನೆಯವನು. ಮರುವರ್ಷ ಪೆಟಾಕಿ ಸಾನ್ ರೆಮೋದಲ್ಲಿ ಗೆದ್ದನು. ಫ್ರೇರೆ 2007ರಲ್ಲಿಯೂ 2010ರಲ್ಲಿಯೂ ಆ ಪಂದ್ಯವನ್ನು ಮತ್ತೆ ಗೆದ್ದನು. ಜಾಬೆಲ್ 2008ರಲ್ಲಿ ನಿವೃತ್ತನಾದನು. ಸಾನ್ ರೆಮೋದಲ್ಲಿ ಅವನ ಗೆಲುವುಗಳ ಲೆಕ್ಕ ನಾಲ್ಕರಲ್ಲಿಯೇ ನಿಂತಿತು.